ಮಧುಮೇಹಿಗಳಲ್ಲಿ ಬಿಪಿ ಸರಾಸರಿ ಸರಿಯಿದ್ದರೂ ಏರಿಳಿತವಿದ್ದರೆ ಹೃದಯಕ್ಕೆ ಅಪಾಯವೇ?

ಹೌದು, ಬಿಪಿಯ ಮೇಲಿನ ಅಂಕಿ ವೈದ್ಯರ ಬಳಿ ಒಮ್ಮೆ 150, ಮುಂದಿನ ಭೇಟಿಯಲ್ಲಿ 110 ಬರುತ್ತಿದ್ದರೆ ಸರಾಸರಿ ನೋಡಿ ಸಮಾಧಾನಪಡಬೇಡಿ. ಟೈಪ್ 2 ಮಧುಮೇಹಿಗಳ ಮೇಲೆ ನಡೆದ ಅಕಾರ್ಡ್ ಮತ್ತು ವಿಎಡಿಟಿ ಅಧ್ಯಯನಗಳ ದತ್ತಾಂಶದಲ್ಲಿ, ಬಿಪಿಯ ಏರಿಳಿತ ಹೆಚ್ಚಿದ್ದವರಿಗೆ ಹೃದಯ ವೈಫಲ್ಯದ ಅಪಾಯವೂ ಹೆಚ್ಚಿತ್ತು (ವಿಎಡಿಟಿಯಲ್ಲಿ ಇದು ಕಂಡದ್ದು ಕೆಳಗಿನ ಅಂಕಿಯ ಏರಿಳಿತದಲ್ಲಿ). ಏರಿಳಿತವೇ ಹಾನಿ ಮಾಡುತ್ತದೋ, ಆಗಲೇ ಆಗಿರುವ ಹಾನಿಯ ಸೂಚನೆಯೋ? ಎರಡೂ ಇರಬಹುದು ಎಂದೇ ನನ್ನ ಅಭಿಪ್ರಾಯ. ಸಕ್ಕರೆ ಬಹುಕಾಲ ಹೆಚ್ಚಿದ್ದರೆ ರಕ್ತನಾಳಗಳು ಗಡುಸಾಗುತ್ತವೆ, ಬಿಪಿಯನ್ನು ಕ್ಷಣಕ್ಷಣವೂ ಸರಿದೂಗಿಸುವ ನರಗಳು ಸೋಲುತ್ತವೆ. ಒತ್ತಡ ಏರಿದಾಗ ಹೃದಯಕ್ಕೆ ಹೊರೆ. ಕೆಳಗಿನ ಅಂಕಿ, ಅಂದರೆ ಹೃದಯ ಸಡಿಲಗೊಂಡಾಗಿನ ಒತ್ತಡ, ತೀರಾ ಇಳಿದರೆ ಹೃದಯದ ಸ್ನಾಯುವಿಗೇ ರಕ್ತ ಸಾಲದು, ಏಕೆಂದರೆ ಅದು ರಕ್ತ ಪಡೆಯುವುದು ಹೆಚ್ಚಾಗಿ ಸಡಿಲಗೊಳ್ಳುವ ಹೊತ್ತಿನಲ್ಲಿ. (ಮಾತ್ರೆ ಆಗಾಗ ತಪ್ಪಿಸುವುದೂ ಏರಿಳಿತಕ್ಕೆ ಸಾಮಾನ್ಯ ಕಾರಣ.) ಮನೆಯಲ್ಲಿ ಕುಳಿತಾಗ, ಎದ್ದು ನಿಂತಾಗ ಎರಡೂ ಬಾರಿ ಅಳೆದು, ಬರೆದಿಟ್ಟು ವೈದ್ಯರಿಗೆ ತೋರಿಸಿ. ಮಾತ್ರೆಯ ಪ್ರಮಾಣ ನೀವೇ ಬದಲಿಸಬೇಡಿ.