ಎರಡು ಗೇಣು ದಾರ, ಒಂದು ರಾತ್ರಿ

ಮೂರು ದಿನದಲ್ಲಿ ಕೊಡಗಿನ ಊರು, ರಸ್ತೆ, ಇತಿಹಾಸ ಎಲ್ಲ ನೋಡಲು ಯಾವ ಮ್ಯಾಪ್ ಒಳ್ಳೆಯದು ಅಂತ ಕೇಳಿದ್ದೀರಿ. ಅಯ್ಯೋ, ಕಾಲೇಜು ಮುಗಿಸಿದ ವರ್ಷ ನನ್ನ ತಲೆಯಲ್ಲೂ ಇದೇ ಇತ್ತು.

ಎಲ್ಲಿಂದಲೋ ಸರ್ವೆ ಆಫ್ ಇಂಡಿಯಾ ಟೋಪೋಶೀಟುಗಳನ್ನು, ಅಂದರೆ ನೆಲದ ಏರಿಳಿತವನ್ನೂ ತೋರಿಸುವ ಸರ್ಕಾರಿ ಮ್ಯಾಪುಗಳನ್ನು ಹೊಂದಿಸಿದ್ದೆ. ಅದರಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಶೀಟುಗಳನ್ನು ಜೋಡಿಸಿ ಹಾಸಿ, ತಲಕಾವೇರಿಯಿಂದ ನಾಲ್ಕುನಾಡು ಅರಮನೆವರೆಗೆ ಅಮ್ಮನ ಹೊಲಿಗೆ ದಾರ ಎಳೆದು ಹಿಡಿದೆ. ಎರಡು ಗೇಣು. ಅಂದರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಬೈಕಿಗೆ ಮುಕ್ಕಾಲು ಗಂಟೆ.

ಎಡವಿದ್ದು ಅಲ್ಲೇ. ದಾರವನ್ನು ಬಿಗಿಯಾಗಿ ಎಳೆಯಬಾರದಿತ್ತು, ರಸ್ತೆ ತಿರುಗಿದ ಹಾಗೆಲ್ಲ ಬಗ್ಗಿಸಬೇಕಿತ್ತು. ಅದಕ್ಕಿಂತ ದೊಡ್ಡ ಪೆದ್ದುತನ, ದಾರದ ಕೆಳಗೆ ಒತ್ತೊತ್ತಾಗಿದ್ದ ಕಂದು ಗೆರೆಗಳನ್ನು ಸುಮ್ನೆ ಅಲಂಕಾರ ಅಂದುಕೊಂಡಿದ್ದು. ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಏರಿಳಿತ. ಉಗುರಿನಗಲದಲ್ಲಿ ಅಂಥ ಹತ್ತು ಗೆರೆ ಇದ್ದರೆ ಅಲ್ಲಿ ಬೈಕು ಹೋಗುತ್ತಾ? ನನ್ನ ದಾರ ಬೆಟ್ಟಗಳ ನೆತ್ತಿ ಹಾರಿಕೊಂಡು ಹೋಗಿತ್ತು.

ಜುಲೈ ಮಳೆ ಬೇರೆ. ಭಾಗಮಂಡಲಕ್ಕೆ ಇಳಿದು, ನಾಪೋಕ್ಲು ಸುತ್ತಿ, ಕಕ್ಕಬ್ಬೆ ಹತ್ತಿರ ಬರುವಾಗ ಬೈಕಿನ ಮೀಟರು ನನ್ನ ಲೆಕ್ಕದ ಸುಮಾರು ಎರಡು ಪಟ್ಟು ತೋರಿಸುತ್ತಿತ್ತು. ಕತ್ತಲಲ್ಲಿ ಒಳದಾರಿ ಅಂತ ನುಗ್ಗಿದ್ದು ಕಾಫಿ ತೋಟದ ಕೆಲಸಗಾರರ ಲೈನ್ ಮನೆಗಳ ಮುಂದೆ ಮುಗಿಯಿತು. ಅಲ್ಲಿದ್ದ ಅಜ್ಜಿ ನನ್ನ ಕಾಲಿನ ಜಿಗಣೆಗಳಿಗೆ ಉಪ್ಪು ಹಾಕಿ, ಬೆಲ್ಲದ ಕಾಫಿ ಕೊಟ್ಟು, ಜಗಲಿಯಲ್ಲಿ ಚಾಪೆ ಹಾಸಿದರು.

ಅರಮನೆ ನೋಡಿದ್ದು ಮಾರನೇ ದಿನ. ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1792-94ರಲ್ಲಿ ಕಟ್ಟಿಸಿದ್ದು, 1,748 ಮೀಟರಿನ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ. 1834ರಲ್ಲಿ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ ಸೇನೆ ಬಂದಾಗ ಕಡೆಯ ರಾಜ ಚಿಕ್ಕವೀರರಾಜೇಂದ್ರ ಇಲ್ಲಿಗೇ ಬಂದು ಸೇರಿಕೊಂಡಿದ್ದ. ಯಾಕೆ ಇಲ್ಲಿಗೇ ಅಂತ ಆ ಕಂದು ಗೆರೆಗಳೇ ಹೇಳುತ್ತಿದ್ದವು, ನಾನು ಓದಿರಲಿಲ್ಲ ಅಷ್ಟೇ.

ಹಾಗಾಗಿ ಯಾವ ಮ್ಯಾಪ್ ಅನ್ನುವುದು ಆಮೇಲಿನ ಮಾತು. ಮೂರು ದಿನಕ್ಕೆ ಇಡೀ ಕೊಡಗು ಅನ್ನುವುದನ್ನೇ ಬಿಡಿ. ಕಕ್ಕಬ್ಬೆ, ನಾಪೋಕ್ಲು ಕಡೆ ಒಂದು ಮೂಲೆ ಹಿಡಿದರೂ ಜಾಸ್ತಿಯೇ. ಫೋನಿನ ಮ್ಯಾಪ್ ಆದರೆ ಮನೆಯಲ್ಲೇ ಇಳಿಸಿಕೊಳ್ಳಿ, ತೋಟಗಳ ನಡುವೆ ಸಿಗ್ನಲ್ ನಂಬುವ ಹಾಗಿಲ್ಲ. ಹಳೆಯ ಮ್ಯಾಪ್ ಸಿಕ್ಕಿದರೆ ಮರ್ಕೆರಾ ಅಂದರೆ ಮಡಿಕೇರಿ, ಫ್ರೇಜರ್‌ಪೇಟೆ ಅಂದರೆ ಕುಶಾಲನಗರ. ಮಳೆಗಾಲದಲ್ಲಿ ಹೋಗುವುದಾದರೆ ಉಪ್ಪಿನ ಪೊಟ್ಟಣ ಜೇಬಲ್ಲಿರಲಿ.