ಮಣಿಪಾಲದಿಂದ ಪುಣೆಗೆ

ಪ್ರಶ್ನೆ: ಗಿರೀಶ್ ಕಾಸರವಳ್ಳಿಯವರು ಫಾರ್ಮಸಿ ಪದವೀಧರರೆಂಬುದು ನಿಜವೇ? ಅವರ ಚಿತ್ರಗಳನ್ನು ಯಾವುದರಿಂದ ನೋಡಲಾರಂಭಿಸಬೇಕು?
– ಸಾಗರದ ಓದುಗರೊಬ್ಬರು

ಉತ್ತರ: ನಿಜ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ 1950ರಲ್ಲಿ ಜನಿಸಿದ ಅವರು ಮಣಿಪಾಲದಲ್ಲಿ ಫಾರ್ಮಸಿ ಓದಿ, ಬಳಿಕ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ನಿರ್ದೇಶನ ಕಲಿತರು. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಮೊದಲ ಚಿತ್ರ ‘ಘಟಶ್ರಾದ್ಧ’ಕ್ಕೇ (1977) ಅತ್ಯುತ್ತಮ ಚಿತ್ರಕ್ಕೆ ನೀಡುವ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಬಂದಿತು, ಮುಂದೆ ‘ತಬರನ ಕಥೆ’, ‘ತಾಯಿಸಾಹೇಬ’ ಹಾಗೂ ‘ದ್ವೀಪ’ ಚಿತ್ರಗಳಿಗೂ ಅದೇ ಗೌರವ ಸಂದಿತು.

ತಾವು ‘ತಬರನ ಕಥೆ’ಯಿಂದ ಆರಂಭಿಸಬೇಕೆಂಬುದು ನನ್ನ ಆಗ್ರಹದ ಸಲಹೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ, ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ, ಹೆಂಡತಿಯ ಕೊಳೆಯುತ್ತಿರುವ ಕಾಲಿಗೆ ಚಿಕಿತ್ಸೆ ಕೊಡಿಸಲಾಗದೆ, ಅದನ್ನು ಕತ್ತರಿಸಿಕೊಡುವಂತೆ ಕಟುಕನನ್ನೇ ಬೇಡಿಕೊಳ್ಳುತ್ತಾನೆ. ಆ ಪಾತ್ರಕ್ಕಾಗಿ ಚಾರುಹಾಸನ್ ರಾಷ್ಟ್ರಪ್ರಶಸ್ತಿ ಪಡೆದರು. ಯಾರೊಬ್ಬರನ್ನೂ ಖಳನಾಯಕನನ್ನಾಗಿಸದೆ, ಕಡತವೊಂದು ಮೇಜಿನಿಂದ ಮೇಜಿಗೆ ಸಾಗುವ ನಿಧಾನಗತಿಯಲ್ಲೇ ಕಾಸರವಳ್ಳಿಯವರು ಕ್ರೌರ್ಯವನ್ನು ತೋರಿಸಿರುವುದು ನನ್ನ ದೃಷ್ಟಿಯಲ್ಲಿ ಅವರ ಅತಿದೊಡ್ಡ ಸಾಧನೆ.

ಅನಂತರ ‘ದ್ವೀಪ’ವನ್ನು ನೋಡಿ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಊರಿನ ಸಂಕಟ ನಾ. ಡಿಸೋಜರ ಕಥೆಯದು, ಲಿಂಗನಮಕ್ಕಿಯ ನೆನಪುಳ್ಳ ತಮ್ಮ ಸೀಮೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮರುಸ್ಥಾಪಿತ ‘ಘಟಶ್ರಾದ್ಧ’ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿದೆ. ಆ ಪ್ರತಿ ಎಲ್ಲಿಯಾದರೂ ದೊಡ್ಡ ಪರದೆಯಲ್ಲಿ ದೊರೆತರೆ ದಯವಿಟ್ಟು ತಪ್ಪಿಸಿಕೊಳ್ಳಬೇಡಿ.