ಪುಣೆ ಹತ್ತಿರ ಮಕ್ಕಳಿಗೆ ಮೀನುಮರಿ ಕೇಂದ್ರ ತೋರಿಸೋಕೆ ಯಾವ ತಿಂಗಳು ಒಳ್ಳೇದು?

ನೀವಿರೋದು ವಾಕಡ್‌ನಲ್ಲಿ. ಐದನೇ ಕ್ಲಾಸಿನ ಮಗಳಿಗೆ ಸಿಹಿನೀರಿನ ಮೀನು ಮರಿ ಮಾಡೋದನ್ನ ಕಣ್ಣಾರೆ ತೋರಿಸಬೇಕು, ಡಿಸೆಂಬರ್ ರಜೆಯಲ್ಲಿ ಹೋಗಬಹುದಾ ಅಂತ ಕೇಳಿದ್ದೀರಿ. ಡಿಸೆಂಬರ್ ಬೇಡ, ಜುಲೈನಲ್ಲಿ ಹೋಗಿ. ಡಿಸೆಂಬರಲ್ಲಿ ಹೋಗೋ ತಪ್ಪು ನಾನು ಮಾಡಿ ಆಗಿದೆ.

ಮೂರು ವರ್ಷದ ಹಿಂದೆ ಕ್ರಿಸ್‌ಮಸ್ ರಜೆಗೆ ಮಗನನ್ನ ಕಟ್ಕೊಂಡು ಜಿಲ್ಲೆಯ ಒಂದು ಮತ್ಸ್ಯಬೀಜ ಕೇಂದ್ರಕ್ಕೆ ಹೋದೆ. ನಮ್ಮ ಕಡೆ ಮೀನುಮರಿ ಅನ್ನೋದಕ್ಕೆ ಇಲ್ಲಿ ಮರಾಠಿಯಲ್ಲಿ ಮತ್ಸ್ಯಬೀಜ ಅಂತಾರೆ. ಕಂಡಿದ್ದು ಒಣಗಿದ ಸಿಮೆಂಟ್ ತೊಟ್ಟಿ, ಸುಣ್ಣ ಎರಚಿದ ಕೊಳದ ತಳ, ಅದರ ನಡುವೆ ಬಿಸಿಲು ಕಾಯಿಸ್ತಾ ಮಲಗಿದ್ದ ಒಂದು ನಾಯಿ. "ಅಪ್ಪಾ, ಮೀನು?" ಅಂದ ಮಗ.

ಕಾಟ್ಲಾ, ರೋಹು, ಮೃಗಾಲ್ ಅನ್ನೋ ಕಾರ್ಪ್ ಜಾತಿಯ ಸಿಹಿನೀರಿನ ಮೀನುಗಳು ಮೊಟ್ಟೆ ಇಡೋದು ಮಳೆಗಾಲದಲ್ಲಿ, ಅದೂ ಹೊಳೆಗೆ ಹೊಸನೀರು ನುಗ್ಗಿದಾಗ. ನಿಂತ ನೀರಲ್ಲಿ ಚೆನ್ನಾಗಿ ಬೆಳೀತಾವೆ, ಹೊಟ್ಟೆ ತುಂಬ ಮೊಟ್ಟೆನೂ ಕಟ್ತಾವೆ, ಆದರೆ ಇಡಲ್ಲ. ಹಿಂದೆಲ್ಲ ನೆರೆ ಬಂದಾಗ ಹೊಳೆಗೆ ಬಲೆ ಒಡ್ಡಿ ಮರಿ ಸೋಸಿ ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅನ್ನೋ ವಿಜ್ಞಾನಿಗಳು ಬೇರೆ ಮೀನಿನ ಮಿದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯ ಸತ್ವ ಚುಚ್ಚಿ ಇವುಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸ್ತಾರೆ. ಇವತ್ತು ಗ್ರಂಥಿ ಅರೆಯೋ ರಗಳೆ ಇಲ್ಲ, ಸಿದ್ಧ ಹಾರ್ಮೋನ್ ಸಿಗುತ್ತೆ.

ಮರುವರ್ಷ ಜುಲೈನಲ್ಲಿ ಮೊದಲೇ ಫೋನ್ ಮಾಡಿ ಬೆಳಿಗ್ಗೆ ಎಂಟಕ್ಕೆಲ್ಲ ಹೋಗಿದ್ವಿ. ಬೆಳಿಗ್ಗೆಯೇ ಯಾಕೆ ಅಂದ್ರೆ, ಇಂಜೆಕ್ಷನ್ ಸಂಜೆ ಕೊಡ್ತಾರೆ, ಮೀನು ಮೊಟ್ಟೆ ಇಡೋದು ನಡುರಾತ್ರಿ ಹೊತ್ತಿಗೆ. ದುಂಡನೆಯ ತೊಟ್ಟಿ, ತಳದಲ್ಲಿ ಓರೆಯಾಗಿ ಕೂರಿಸಿದ ಕೊಳವೆಗಳು. ನೀರು ಗಿರ್ರನೆ ಸುತ್ತುತ್ತಾ ಇದ್ರೆ ಮೊಟ್ಟೆ ತಳ ಕಚ್ಚಲ್ಲ. ನಾವಿಬ್ರೂ ಕನ್ನಡದಲ್ಲಿ ಮಾತಾಡೋದು ಕೇಳಿ ಅಲ್ಲಿ ಕೆಲಸದಲ್ಲಿದ್ದವರೊಬ್ಬರು "ಯಾವೂರ್ರಿ ನಿಮ್ದು? ನಾ ಇಂಡಿ ಕಡಿಯಾಂವರಿ" ಅಂತ ಹತ್ತಿರ ಬಂದ್ರು. ಪ್ಲಾಸ್ಟಿಕ್ ಮಗ್ಗಲ್ಲಿ ನೀರು ಮೊಗೆದು ಮಗನ ಕೈಗಿಟ್ರು. ಖಿಚಡಿಗೆ ನೆನೆಹಾಕಿದ ಸಾಬಕ್ಕಿ ಥರ ಮೊಟ್ಟೆಗಳು. ಬೆಳಕಿಗೆ ಹಿಡಿದ್ರೆ ಒಳಗೆ ಕೂದಲೆಳೆಯಷ್ಟು ಏನೋ ಒಂದು ಪಟ್ಟಂತ ಹೊರಳುತ್ತೆ, ಸುಮ್ಮನಾಗುತ್ತೆ, ಮತ್ತೆ ಹೊರಳುತ್ತೆ. "ತಮ್ಮಾ, ನಾಳೆ ಇಷ್ಟೊತ್ತಿಗೆ ಬಂದ್ರ ಒಂದೂ ತತ್ತಿ ಇರಂಗಿಲ್ಲ ನೋಡು, ಎಲ್ಲಾ ಮರೀನ" ಅಂದ್ರು. ಕಾರ್ಪ್ ಮೀನಿನ ಮೊಟ್ಟೆ ಒಡೆಯೋಕೆ ಸುಮಾರು 14ರಿಂದ 18 ಗಂಟೆ ಸಾಕಂತೆ.

ಲಕ್ಷಗಟ್ಟಲೆ ಮರಿ ಎಣಿಸೋದು ಹೇಗೆ ಅನ್ನೋದು ಮಗನ ಪ್ರಶ್ನೆ. ತೂತಿನ ಪುಟ್ಟ ಬಟ್ಟಲು ತೋರಿಸಿದ್ರು. ಒಂದು ಬಟ್ಟಲಲ್ಲಿ ಎಷ್ಟಿವೆ ಅಂತ ಒಮ್ಮೆ ಎಣಿಸಿಟ್ಟುಕೊಂಡ್ರೆ ಆಮೇಲೆ ಬರೀ ಬಟ್ಟಲಿನ ಲೆಕ್ಕ, ಸೇರು-ಪಾವಿನ ಹಾಗೆ. ರೈತರಿಗೆ ಕೊಡುವಾಗ ಪಾಲಿಥಿನ್ ಚೀಲದಲ್ಲಿ ಮೂರನೇ ಒಂದು ಭಾಗ ನೀರು, ಉಳಿದಿದ್ದಕ್ಕೆ ಆಕ್ಸಿಜನ್ ತುಂಬಿ ಬಾಯಿ ಬಿಗೀತಾರೆ. ಚೀಲ ಕ್ರಿಕೆಟ್ ಚೆಂಡಿನಷ್ಟು ಗಟ್ಟಿ ಆಗಿತ್ತು.

ಲೋನಾವಳಾದ ವಳವಣದಲ್ಲಿ ಟಾಟಾ ಪವರ್‌ನವರ ಮಹಶೀರ್ ಕೇಂದ್ರನೂ ಇದೆ, 1970ರ ದಶಕದಿಂದ ನಡೀತಿದೆ. ಅನುಮತಿ ಮೊದಲೇ ಕೇಳಿಟ್ಟುಕೊಳ್ಳಿ, ಸುಮ್ಮನೆ ಗೇಟಿಗೆ ಹೋಗಿ ನಿಲ್ಲಬೇಡಿ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕಿದ್ದೀರಲ್ಲ, ಮಹಶೀರ್ ಅಂದ್ರೆ ಆ ದೊಡ್ಡ ಹುರುಪೆಯ ಮೀನುಗಳ ಬಳಗ. ಇಲ್ಲಿನದಕ್ಕೆ ಖುದ್ರೀ ಅಂತ ವೈಜ್ಞಾನಿಕ ಹೆಸರು. ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಸೈಕ್ಸ್ 1839ರಲ್ಲಿ ಇದೇ ಮುಳಾ-ಮುಠಾ ನದಿಯ ಮೀನು ನೋಡಿ, ಮರಾಠಿ ಮಾತನ್ನೇ ಹಿಡಿದು ಇಟ್ಟಿದ್ದು. ಈಗ ಪುಣೆಯ ಸೇತುವೆ ಮೇಲೆ ನಿಂತು ಆ ನೀರು ನೋಡಿದ್ರೆ ನಂಬೋಕಾಗಲ್ಲ.

ಒಂದು ಮಾತು ಮಾತ್ರ ಹೇಳಲೇಬೇಕು. ಹೊಳೆಗೆ ಮೀನುಮರಿ ಬಿಟ್ಟಿದ್ದೆಲ್ಲ ಪುಣ್ಯ ಅಂತ ಮಗಳಿಗೆ ಹೇಳಿಕೊಡಬೇಡಿ. ಈ ಖುದ್ರೀ ಮರಿಗಳನ್ನ ನಮ್ಮ ಕಾವೇರಿಗೂ ಬಿಟ್ಟರು. ಕಾವೇರಿಯದ್ದೇ ಆದ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು, ಹೊರಗಿಂದ ಬಂದ ಈ ನೆಂಟರ ಕಾಟವೂ ಅದಕ್ಕೊಂದು ಕಾರಣ ಅಂತ ವಿಜ್ಞಾನಿಗಳು ಬರೆದಿದ್ದಾರೆ. ನನ್ನ ಮಗನಿಗೆ ಇಂಜೆಕ್ಷನ್‌ಗಿಂತ ಇದೇ ಜಾಸ್ತಿ ತಲೇಲಿ ಉಳಿದಿದೆ.

ಸರ್ಕಾರಿ ಕೇಂದ್ರಕ್ಕಾದ್ರೆ ಜಿಲ್ಲೆಯ ಸಹಾಯಕ ಆಯುಕ್ತ, ಮತ್ಸ್ಯವ್ಯವಸಾಯ ಕಚೇರಿಯಲ್ಲಿ ವಿಚಾರಿಸಿ. "ಇಂಜೆಕ್ಷನ್ ಯಾವ ದಿನ ಕೊಡ್ತೀರಿ" ಅಂತ ಕೇಳಿ, ಮಾರನೇ ಬೆಳಿಗ್ಗೆ ಹೋಗಿ. ಪಾಚಿ ಕಟ್ಟಿದ ಸಿಮೆಂಟು ಜಾರುತ್ತೆ, ಮಗಳಿಗೆ ಹಿಡಿತ ಇರೋ ಚಪ್ಪಲಿ ಹಾಕಿಸಿ.